ಹಾಲಿ ಸಿಕ್ಕಾ

ಕೆಲವು ಶಬ್ದಗಳು ತಮ್ಮ ಅರ್ಥವನ್ನು ಕಳೆದುಕೊಂಡ ಮೇಲೂ ಹೆಸರನ್ನು ಮಾತ್ರ ಭದ್ರವಾಗಿ ಉಳಿಸಿಕೊಂಡು ಬಾಳುತ್ತವೆ. ‘ಹಾಲಿ’ ಎಂದರೆ ಸದ್ಯದ್ದು, ಈಗ ನಡೆಯುತ್ತಿರುವುದು. ಹಾಲಿ ಸದಸ್ಯರು, ಹಾಲಿ ವಿಳಾಸ ಎಂದು ನಾವೆಲ್ಲರೂ ಹೇಳುತ್ತೇವೆ. ‘ಸಿಕ್ಕಾ’ ಎಂದರೆ ನಾಣ್ಯ. ಹೀಗಾಗಿ ಹಾಲಿ ಸಿಕ್ಕಾ ಎಂದರೆ ಚಲಾವಣೆಯಲ್ಲಿರುವ ನಾಣ್ಯ ಎಂದಾಗಬೇಕು. ಆದರೆ ರಾಯಚೂರು, ಕಲಬುರಗಿ, ಬೀದರ ಕಡೆಯ ಹಿರಿಯರನ್ನು ಕೇಳಿ ನೋಡಿ. ಹಾಲಿ ಸಿಕ್ಕಾ ಎಂದೊಡನೆ ಅವರ ಕಣ್ಣ ಮುಂದೆ ಬರುವುದು ಚಲಾವಣೆ ನಿಂತುಹೋದ ನಿಜಾಮರ ರೂಪಾಯಿ! ಹೆಸರಿನಲ್ಲಿ ‘ಇಂದು’ ಇದ್ದರೂ ಬದುಕು ‘ಅಂದಿ’ನದು. ಮನುಷ್ಯರಲ್ಲಿಯೂ ಇಂಥವರು ಇಲ್ಲದಿಲ್ಲ, ಅದಿರಲಿ.

ಇಂಥ ಹಾಲಿ ಸಿಕ್ಕಾಗಳ ಒಂದು ಸಂಗ್ರಹ ನನ್ನಲ್ಲಿತ್ತು. ನಾಣ್ಯಗಳು 412, ಕಾಗದದ ನೋಟುಗಳು 31. ಮೂರು ತಲೆಮಾರುಗಳು ಕೂಡಿಸಿದ ಆ ಗಂಟನ್ನು 2023ರಲ್ಲಿ ನನ್ನ ಮಗಳ ಕಾಲೇಜಿನ ಓದಿಗಾಗಿ ಮಾರಿದೆ. ಮಾರಿದ ಸಂಗತಿ ದೊಡ್ಡದಲ್ಲ. ಮಕ್ಕಳ ಓದಿಗಾಗಿ ಹೊಲ ಮಾರಿದವರುಂಟು, ಮನೆ ಮಾರಿದವರುಂಟು. ಆದರೆ ಮಾರುವ ಕಾಲಕ್ಕೆ ‘ಬೆಲೆ’ ಎಂಬ ಎರಡಕ್ಷರದ ಬಗೆಗೆ ನಾನು ಕಂಡುಕೊಂಡ ಕೆಲವು ಮಾತುಗಳನ್ನು ವಾಚಕರೊಡನೆ ಹಂಚಿಕೊಳ್ಳಬೇಕೆನಿಸಿತು.

ನಮ್ಮೂರು ಗಿಲ್ಲೆಸುಗೂರು. ರಾಯಚೂರು ತಾಲೂಕಿನ ಒಂದು ಹಳ್ಳಿ. ತುಂಗಭದ್ರೆಯಿಂದ ಬಹಳ ದೂರವಿಲ್ಲ. 1948ರ ಸೆಪ್ಟೆಂಬರದವರೆಗೆ ಈ ನದಿ ಬರಿಯ ನದಿಯಾಗಿರಲಿಲ್ಲ. ಎರಡು ಸರಕಾರಗಳ ನಡುವಿನ ಗಡಿಯಾಗಿತ್ತು. ಈಚೆಯ ದಡ ನಿಜಾಮರ ಹೈದರಾಬಾದು ಸಂಸ್ಥಾನ. ಆಚೆಯ ದಡ ಮದರಾಸು ಪ್ರಾಂತ. ಮಂತ್ರಾಲಯಕ್ಕೆ ಹೊರಟ ಯಾತ್ರಿಕನು ಹೊಳೆ ದಾಟಿದನೆಂದರೆ ಅವನ ಸೊಂಟದಲ್ಲಿದ್ದ ರೊಕ್ಕದ ಬೆಲೆಯೇ ಬದಲಾಗುತ್ತಿತ್ತು. ಈಚೆ ನಡೆಯುತ್ತಿದ್ದುದು ಹಾಲಿ. ಆಚೆ ನಡೆಯುತ್ತಿದ್ದುದು ಕಲ್ದಾರು. ‘ಕಲ’ ಎಂದರೆ ಯಂತ್ರ. ಇಂಗ್ಲಿಷರ ರೂಪಾಯಿ ಯಂತ್ರದಲ್ಲಿ ಅಚ್ಚಾಗಿ ಬಂದದ್ದರಿಂದ ಅದಕ್ಕೆ ಆ ಹೆಸರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರು, ಇದು ನಡೆಯುತ್ತಿದ್ದ ದರ. ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ನಮ್ಮ ಅಜ್ಜನವರಿಗೆ ಊರಲ್ಲಿ ಕಿರಾಣಿ ಅಂಗಡಿ ಇತ್ತು. ಶಾಲೆಯ ಮೆಟ್ಟಿಲು ಹತ್ತದ ಅವರು ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಮಾಡುತ್ತಿದ್ದರಂತೆ. ಅಂಗಡಿಗೆ ಬಂದವರನ್ನು ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ‘ಏನು ಬೇಕು’ ಎಂದಲ್ಲ, ‘ಹಾಲಿಯೋ, ಕಲ್ದಾರೋ’ ಎಂದು.

ಪೊಲೀಸ್ ಕಾರ್ಯಾಚರಣೆಯಾಗಿ ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ ಹಾಲಿಯ ಕಾಲ ಮುಗಿಯುತ್ತ ಬಂದಿತು. 1950ರ ಸುಮಾರಿಗೆ ಭಾರತದ ರೂಪಾಯಿ ಅದರ ಜೊತೆಜೊತೆಗೆ ನಡೆಯತೊಡಗಿತು. 1959ರಲ್ಲಿ ಹಾಲಿಯ ಮಾನ್ಯತೆ ಪೂರ್ತಿಯಾಗಿ ರದ್ದಾಯಿತು. ಈ ನಡುವೆ ಜನರು ತಮ್ಮಲ್ಲಿದ್ದ ರೂಪಾಯಿಗಳನ್ನು ಬದಲಿಸಿಕೊಂಡರು. ಬದಲಿಸಿಕೊಳ್ಳದವರು ಅಕ್ಕಸಾಲಿಗರ ಕುಲುಮೆಗೆ ಹಾಕಿಸಿದರು. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಶೇಕಡಾ 81.8ರಷ್ಟು ಬೆಳ್ಳಿ. ಎರಡನೆಯ ಮಹಾಯುದ್ಧದ ನಡುವೆ ಬೆಳ್ಳಿಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಹಳೆಯ ರೂಪಾಯಿಗಳನ್ನು ಕರಗಿಸಿ ಕಾಲ್ಗಡಗ, ಕಾಲುಂಗುರ, ದೀಪ, ಬಟ್ಟಲು ಮಾಡಿಸಿದ ಮನೆಗಳೆಷ್ಟೋ!

ನಮ್ಮ ಅಜ್ಜನವರು ಹೆಚ್ಚಿನದನ್ನು ಬದಲಿಸಿಕೊಂಡರು. ಆದರೆ ಗಲ್ಲೆಯ ತಳದಲ್ಲಿದ್ದ ಒಂದು ಚೀಲವನ್ನು ಮಾತ್ರ ಮುಟ್ಟಲಿಲ್ಲ. ಏಕೆಂದು ಅವರು ಯಾರಿಗೂ ಹೇಳಲಿಲ್ಲ. ಸರಕಾರಗಳು ಬರುತ್ತವೆ, ಹೋಗುತ್ತವೆ. ಮರಳಿ ಬಂದರೂ ಬರಬಹುದು ಎಂಬ ವ್ಯಾಪಾರಿಯ ಎಚ್ಚರಿಕೆ ಇದ್ದೀತು. ಆ ಚೀಲ ನಮ್ಮ ತೀರ್ಥರೂಪರ ಕೈಗೆ ಬಂದಿತು. ಸಂಸ್ಥಾನ ವಿಲೀನವಾದಾಗ ಅವರು ಹತ್ತು ವರ್ಷದ ಹುಡುಗ. ಅಂದಿನ ಪದ್ಧತಿಯಂತೆ ಉರ್ದು ಮಾಧ್ಯಮದಲ್ಲಿ ಅಕ್ಷರ ಕಲಿತವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಉರ್ದು, ಇದು ನಮ್ಮ ಸೀಮೆಯ ಬಾಳು. ಅವರು ಚೀಲವನ್ನು ಬಿಚ್ಚಿ ಒಂದೊಂದೇ ನಾಣ್ಯವನ್ನು ಓದಲಾರಂಭಿಸಿದರು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನನ್ನನ್ನೂ ಬದಿಗೆ ಕೂರಿಸಿಕೊಂಡು ಓದಿಸಿದರು.

ನಾಣ್ಯವನ್ನು ನೋಡುವುದು ಬೇರೆ, ಓದುವುದು ಬೇರೆ. ನಿಜಾಮರ ರೂಪಾಯಿಯ ಮೇಲೆ ಚಾರ್ಮಿನಾರಿನ ಚಿತ್ರವಿದೆ. ನೋಡುವವರಿಗೆ ಅಷ್ಟೇ ಕಾಣುತ್ತದೆ. ಆದರೆ ಚಾರ್ಮಿನಾರಿನ ನಡುಬಾಗಿಲಲ್ಲಿ ಒಂದು ಪುಟ್ಟ ಅಕ್ಷರವಿದೆ. ಅದು ‘ಮೀಮ್’ ಆಗಿದ್ದರೆ 1869ರಿಂದ 1911ರವರೆಗೆ ಆಳಿದ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರದು. ‘ಐನ್’ ಆಗಿದ್ದರೆ ಅವರ ಮಗ, ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರದು. ಉಸ್ಮಾನ್ ಅಲಿ ಖಾನರು ಪಟ್ಟಕ್ಕೆ ಬಂದ ಮೊದಲಲ್ಲಿ ಅಚ್ಚಾದ ರೂಪಾಯಿಗಳಲ್ಲಿ ಈ ಐನ್ ಪೂರ್ತಿಯಾಗಿ ಮೂಡದೆ ಅರ್ಧವಷ್ಟೇ ಇದೆ. ಸಂಗ್ರಾಹಕರು ಅದನ್ನು ‘ಅರ್ಧ ಐನ್’ ಎಂದು ಕರೆದು ಹುಡುಕುತ್ತಾರೆ. ಅಲ್ಲಿಯೇ 92 ಎಂಬ ಅಂಕೆಯೂ ಇದೆ. ಅದು ಇಸವಿಯಲ್ಲ. ಅರಬ್ಬಿ ಅಕ್ಷರಗಳಿಗೆ ಒಂದೊಂದು ಸಂಖ್ಯೆಯುಂಟು: ಮೀಮ್ 40, ಹೇ 8, ಮತ್ತೆ ಮೀಮ್ 40, ದಾಲ್ 4; ಕೂಡಿಸಿದರೆ 92, ಅದುವೇ ಮುಹಮ್ಮದ್ ಎಂಬ ಹೆಸರು. ಹಿಂಬದಿಯಲ್ಲಿ ‘ಫರ್ಖುಂದಾ ಬುನಿಯಾದ್ ಹೈದರಾಬಾದ್’, ಎಂದರೆ ಶುಭವಾದ ತಳಹದಿಯುಳ್ಳ ಹೈದರಾಬಾದು. ಇಷ್ಟನ್ನೆಲ್ಲ ಒಂದು ರೂಪಾಯಿಯ ಅಗಲದಲ್ಲಿ ಓದುವುದನ್ನು ತೀರ್ಥರೂಪರು ಕಲಿಸಿದರು.

ಮುಂದೆ ಸಂಗ್ರಹವನ್ನು ಬೆಳೆಸಿದವನು ನಾನು. ಅಂಗಡಿ ನನ್ನ ಪಾಲಿಗೆ ಬಂದಿತ್ತು. ಹಳೆಯ ನಾಣ್ಯ ತಂದವರಿಗೆ ಬೆಳ್ಳಿಯ ಬೆಲೆಗಿಂತ ನಾಲ್ಕು ಕಾಸು ಹೆಚ್ಚು ಕೊಡುವವನೆಂಬ ಹೆಸರೂ ಬಂದಿತು. ಚಾರ್ಮಿನಾರಿನ ಚಿತ್ರ ಬರುವುದಕ್ಕೆ ಮೊದಲಿನ, ಸುತ್ತಿಗೆಯಿಂದ ಬಡಿದು ಮಾಡಿದ ರೂಪಾಯಿಗಳು ದೊರೆತವು. ಆ ಕಾಲದಲ್ಲಿ ನಮಗೆ ಸಮೀಪದ ಗದ್ವಾಲ, ನಾರಾಯಣಪೇಟೆಗಳಲ್ಲಿಯೂ ಟಂಕಸಾಲೆಗಳಿದ್ದವು. 1853ರಿಂದ 1883ರವರೆಗೆ ದಿವಾನರಾಗಿದ್ದ ಸಾಲಾರ್ ಜಂಗರು ಈ ಗೊಂದಲವನ್ನು ಹೋಗಲಾಡಿಸಿ ರಾಜಧಾನಿಯಲ್ಲಿ ಒಂದೇ ಟಂಕಸಾಲೆಯನ್ನು ನೆಲೆಗೊಳಿಸಿದರು. ನೋಟುಗಳೂ ದೊರೆತವು. ಅವುಗಳ ಮೇಲೆ ಉರ್ದು, ಇಂಗ್ಲಿಷು, ತೆಲುಗು, ಮರಾಠಿಗಳ ಜೊತೆಗೆ ಕನ್ನಡವೂ ಇದೆ. ಕಚೇರಿಯಲ್ಲಿ ನಡೆಯದ ಕನ್ನಡ, ಶಾಲೆಯಲ್ಲಿ ಹಿಂದೆ ಸರಿದ ಕನ್ನಡ, ರೊಕ್ಕದ ಮೇಲಾದರೂ ಇತ್ತಲ್ಲ ಎಂದು ಆ ನೋಟುಗಳನ್ನು ನಾನು ಹೆಚ್ಚು ಪ್ರೀತಿಯಿಂದ ಕಾಯ್ದಿದ್ದೆ.

ಪ್ರತಿಯೊಂದು ನಾಣ್ಯಕ್ಕೂ ತೀರ್ಥರೂಪರು ಒಂದು ವಹಿ ಇಟ್ಟಿದ್ದರು. ಅಂಗಡಿಯ ಖಿರ್ದಿಯಂತೆಯೇ ಕೆಂಪು ರಟ್ಟಿನ ಉದ್ದನೆಯ ವಹಿ. ಅನುಕ್ರಮ ಸಂಖ್ಯೆ, ತೂಕ, ಹಿಜರಿ ವರ್ಷ, ಯಾರಿಂದ ಬಂದದ್ದು, ಏತಕ್ಕೆ ಬಂದದ್ದು ಎಲ್ಲವೂ ಅದರಲ್ಲಿತ್ತು. ‘ಹೊಳೆಯಾಚೆಯ ಮುದುಕಿ, ಮೆಣಸಿನಕಾಯಿಗೆ ಕೊಟ್ಟದ್ದು’, ‘ನೆಲಗಡಲೆಯ ಬಾಕಿಯಲ್ಲಿ ಸಂದದ್ದು’, ಹೀಗೆ. ಈ ವಹಿ ಮುಂದೆ ಎಷ್ಟು ಉಪಕಾರಕ್ಕೆ ಬಂದಿತೆಂಬುದನ್ನು ಹೇಳುತ್ತೇನೆ.

2023ರಲ್ಲಿ ನನ್ನ ಮಗಳಿಗೆ ಸಿ.ಇ.ಟಿ. ಮೂಲಕ ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಥಾನ ದೊರೆಯಿತು. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯಿಂದ ಬಂದ ಮೀಸಲಾತಿಯ ನೆರವೂ ಅವಳಿಗಿತ್ತು. ನಮ್ಮ ಮನೆತನದಲ್ಲಿ ಇಂಜಿನಿಯರಿಂಗ್ ಓದಲು ಹೊರಟವಳು ಅವಳೇ ಮೊದಲಿಗಳು. ಸಂತೋಷದ ಹಿಂದೆಯೇ ಲೆಕ್ಕವೂ ಬಂದಿತು. ಶುಲ್ಕ, ವಸತಿ, ಊಟ, ಪುಸ್ತಕ, ಕಂಪ್ಯೂಟರು ಸೇರಿ ಮೊದಲ ವರ್ಷಕ್ಕೇ 1,80,000 ರೂಪಾಯಿ. ಅದೇ ವರ್ಷ ಮುಂಗಾರು ಕೈಕೊಟ್ಟಿತ್ತು. ತುಂಗಭದ್ರಾ ಜಲಾಶಯ ತುಂಬಿರಲಿಲ್ಲ. ನಮ್ಮ ನಾಲ್ಕು ಎಕರೆ ಇರುವುದು ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ. ಒಳ್ಳೆಯ ವರ್ಷದಲ್ಲಿಯೇ ಅಲ್ಲಿಗೆ ನೀರು ಮುಟ್ಟುವುದು ಕಷ್ಟ. ಆ ವರ್ಷದ ಮಾತು ಹೇಳುವುದೇನು? ಎರಡನೆಯ ಬೆಳೆಯ ಆಸೆಯನ್ನು ಎಲ್ಲರೂ ಬಿಟ್ಟಿದ್ದರು. ಬರಗಾಲದಲ್ಲಿ ಹೊಲ ಮಾರಲು ಹೋದವನಿಗೆ ಕೊಳ್ಳುವವನು ಹೇಳಿದ್ದೇ ಬೆಲೆ.

ಬ್ಯಾಂಕಿನ ವಿದ್ಯಾಸಾಲದ ದಾರಿ ಇತ್ತು. ನಾಲ್ಕು ಲಕ್ಷದವರೆಗೆ ಯಾವ ಅಡವೂ ಇಲ್ಲದೆ ಸಾಲ ದೊರೆಯುತ್ತದೆ. ಮಗಳೂ ಅದನ್ನೇ ಹಿಡಿದಳು. “ಅಪ್ಪಾ, ಸಾಲ ನನ್ನ ಹೆಸರಿಲೇ ಇರಲಿ. ನೌಕರಿ ಆದ ಮ್ಯಾಲೆ ನಾನೇ ತೀರಸ್ತೀನಿ. ಅಜ್ಜನ ರೊಕ್ಕ ಮಾತ್ರ ಮಾರಬ್ಯಾಡ್ರಿ” ಎಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಆದರೆ ಹದಿನೆಂಟರ ಹುಡುಗಿ ಸಾಲದ ಕಂತನ್ನು ಎಣಿಸುತ್ತ ಓದುವುದಕ್ಕೂ, ನಿಶ್ಚಿಂತೆಯಿಂದ ಓದುವುದಕ್ಕೂ ಅಂತರವಿದೆ. ಸಾಲವಿದ್ದವಳು ಮೊದಲು ಸಿಕ್ಕ ಕೆಲಸಕ್ಕೆ ಸೇರಿಕೊಳ್ಳಬೇಕಾಗುತ್ತದೆ. ಸಾಲವಿಲ್ಲದವಳು ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಓದಿನಿಂದ ದೊರೆಯಬೇಕಾದುದೇ ಈ ಆಯ್ಕೆಯಲ್ಲವೆ?

ಈ ಚರ್ಚೆ ಮೂರು ದಿನ ನಡೆಯಿತು. ಮೂರನೆಯ ರಾತ್ರಿ, ರೊಟ್ಟಿ ಬಡಿಯುತ್ತಿದ್ದ ನನ್ನ ಮಡದಿ ಕೈ ನಿಲ್ಲಿಸದೆಯೇ ಹೇಳಿದಳು: “ಅಂಗಡಿಗೆ ಮಾಲು ತುಂಬಬೇಕಂತ ನನ್ನ ಪಾಟ್ಲಿ ಮಾರಿದಾಗ ಮನ್ಯಾಗ ಅರ್ಧ ತಾಸೂ ಮಾತಾಗಲಿಲ್ರಿ. ನಿಮ್ಮ ಡಬ್ಬಿ ಅಂದ್ರ ಮೂರು ದಿನ ಪಂಚಾಯತಿ!”

ಇದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಬಂಗಾರ ಎಷ್ಟು ಸಲ ಸರಾಫರ ಕಟ್ಟೆ ಹತ್ತಿ ಇಳಿದಿಲ್ಲ! ಬಿತ್ತನೆಗೆ, ಮದುವೆಗೆ, ಆಸ್ಪತ್ರೆಗೆ, ಪರೀಕ್ಷೆಯ ಶುಲ್ಕಕ್ಕೆ ಬೋರಮಾಳ ಸರ, ಪಾಟ್ಲಿ, ಬಿಲವರಗಳು ಹೋಗುತ್ತಲೇ ಇವೆ. ಆ ಬಂಗಾರಕ್ಕೂ ನೆನಪಿದೆ. ತವರಿನವರು ಕೊಟ್ಟದ್ದು, ಅತ್ತೆ ತೊಡಿಸಿದ್ದು ಎಂಬ ವಹಿ ಅವರ ಮನಸ್ಸಿನಲ್ಲಿಯೇ ಇರುತ್ತದೆ. ಅದನ್ನು ಯಾರೂ ‘ಅಮೂಲ್ಯ ಸಂಗ್ರಹ’ ಎಂದು ಕರೆಯುವುದಿಲ್ಲ. ‘ಕಷ್ಟಕಾಲಕ್ಕೆ ಆಗುವುದು’ ಎನ್ನುತ್ತಾರೆ. ಗಂಡಸಿನ ಹವ್ಯಾಸವೂ ಕಷ್ಟಕಾಲಕ್ಕೆ ಆದರೆ ಅದರ ಗೌರವ ಕಡಿಮೆಯಾಗುವುದೇಕೆ? ಮರುದಿನ ಬೆಳಿಗ್ಗೆ ಮಾರುವುದೆಂದು ನಿಶ್ಚಯವಾಯಿತು.

ಈ ಸಂಕಟ ನಮ್ಮ ಸೀಮೆಯದಷ್ಟೇ ಅಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಹುಡುಗರು ಕೂಡಿಸುತ್ತಾರೆ. ಬೆಳೆದ ಮೇಲೆ ಕಾಲೇಜಿನ ಶುಲ್ಕಕ್ಕಾಗಿ ಅವನ್ನು ಮಾರುವವರೂ ಉಂಟು. ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಒಂದು ಕಾರ್ಡು 2022ರ ಆಗಸ್ಟಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅಂಗೈಯಗಲದ ಒಂದು ರಟ್ಟಿಗೆ ಅಷ್ಟು ಬೆಲೆ ಹೇಗೆ ಬಂದಿತು? ಆ ವರ್ಷ ಮಾರಾಟವಾಗದೆ ಉಳಿದ ಕಾರ್ಡಿನ ಪೆಟ್ಟಿಗೆಗಳನ್ನು ಕಂಪನಿಯವರು 1960ರ ಸುಮಾರಿಗೆ ಕಡಲಿಗೆ ಸುರಿದರೆಂಬ ಹೇಳಿಕೆಯಿದೆ. ಬೇಡವೆಂದು ಎಸೆದವರು ಹೆಚ್ಚಾದಷ್ಟೂ ಇಟ್ಟುಕೊಂಡವನ ಕೈಯಲ್ಲಿದ್ದುದಕ್ಕೆ ಬೆಲೆ ಬಂದಿತು.

ನಿಜಾಮರ ನೋಟಿಗೂ ಇಂಥದೇ ಒಂದು ಕಡಲಿನ ಕತೆಯುಂಟು. ಇಂಗ್ಲೆಂಡಿನಲ್ಲಿ ಅಚ್ಚಾದ ಹೈದರಾಬಾದಿನ ನೋಟುಗಳನ್ನು ಹೊತ್ತು ‘ಈಜಿಪ್ಟ್’ ಎಂಬ ಹಡಗು 1922ರ ಮೇ ತಿಂಗಳಲ್ಲಿ ಹಿಂದೂಸ್ಥಾನದ ಕಡೆಗೆ ಹೊರಟಿತ್ತು. ಫ್ರಾನ್ಸಿನ ಕರಾವಳಿಯ ಹತ್ತಿರ ಮಂಜು ಕವಿದು, ಇನ್ನೊಂದು ಹಡಗು ಡಿಕ್ಕಿ ಹೊಡೆದು ಅದು ಮುಳುಗಿತು. ಹಡಗಿನಲ್ಲಿ ಚಿನ್ನವೂ ಇದ್ದುದರಿಂದ ಇಟಲಿಯ ಮುಳುಗುಗಾರರು ಹತ್ತು ವರ್ಷಗಳ ತರುವಾಯ ಅದನ್ನು ಮೇಲೆತ್ತಿದರು. ಜೊತೆಗೆ ನಿಜಾಮರ ನೋಟಿನ ಕಟ್ಟುಗಳೂ ಬಂದವು. ಒಂದು ದಿನವೂ ಯಾರ ಕೈಯಿಂದಲೂ ಸಾಮಾನು ಕೊಳ್ಳದ, ಉಪ್ಪುನೀರಿನಲ್ಲಿ ನೆನೆದ ಆ ನೋಟುಗಳನ್ನು ಇಂದು ಸಂಗ್ರಾಹಕರು ಆಸೆಯಿಂದ ಕೊಳ್ಳುತ್ತಾರೆ. ನಡೆಯದ ನೋಟಿಗೆ ನಡೆದ ನೋಟಿಗಿಂತ ಹೆಚ್ಚು ಮರ್ಯಾದೆ! ನಮ್ಮ ಹಾಲಿ ರೂಪಾಯಿಗೆ ಬೆಲೆ ಬಂದದ್ದೂ ಕುಲುಮೆಗೆ ಹೋದ ಅದರ ಸಾವಿರಾರು ಅಣ್ಣತಮ್ಮಂದಿರಿಂದಲೇ.

ಇನ್ನು ಮಾರಾಟದ ಸಂಗತಿ. ಇದೇ ದಾರಿಯಲ್ಲಿ ನಡೆಯುವ ವಾಚಕರಿಗೆ ಉಪಯೋಗವಾದೀತೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಕಾಯಿದೆಯನ್ನು ತಿಳಿದುಕೊಂಡೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷ ಮೀರಿದ ನಾಣ್ಯ ಪ್ರಾಚ್ಯವಸ್ತು ಎನಿಸುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಅಂಥವುಗಳ ವ್ಯಾಪಾರವನ್ನೇ ನಡೆಸುವವರಿಗೆ ಪರವಾನಗಿ ಬೇಕು. ನೆಲದಲ್ಲಿ ಸಿಕ್ಕ ನಿಧಿಯಾದರೆ ಅದರ ದಾರಿಯೇ ಬೇರೆ. 1878ರ ನಿಧಿ ಕಾಯಿದೆಯಂತೆ ಸರಕಾರಕ್ಕೆ ತಿಳಿಸಬೇಕು. ವಿಜಯನಗರ ಮತ್ತು ಬಿಜಾಪುರದ ಸೈನ್ಯಗಳು 1520ರಲ್ಲಿ ಕಾದಾಡಿದ ನಮ್ಮ ರಾಯಚೂರು ದೋಆಬಿನಲ್ಲಿ ಈ ಮಾತನ್ನು ನೆನಪಿಟ್ಟಿರುವುದು ಒಳ್ಳೆಯದು. ನನ್ನವು ಅಂಗಡಿಗೆ ಬಂದ ನಾಣ್ಯಗಳು. ಯಾವುದು ಹೇಗೆ ಬಂದಿತೆಂಬುದಕ್ಕೆ ವಹಿಯೇ ಸಾಕ್ಷಿಯಾಗಿತ್ತು.

ಅನಂತರ ಬೆಲೆ ಕೇಳಲು ಹೊರಟೆ. ಮೊದಲು ರಾಯಚೂರಿನ ಒಬ್ಬ ಸರಾಫರ ಬಳಿಗೆ ಹೋದೆ. ಅವರು ಬೆಳ್ಳಿಯ ನಾಣ್ಯಗಳನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಸುರಿದರು. ಕೇಳಿದ ಸದ್ದಿಗೆ ನನ್ನ ಎದೆ ಝಲ್ಲೆಂದಿತು. ಮೀಮ್ ಇಲ್ಲ, ಐನ್ ಇಲ್ಲ, ಬರಿಯ ಗ್ರಾಂ. ತಾಮ್ರ, ಕಂಚು, ನೋಟುಗಳನ್ನು ಬದಿಗೆ ಸರಿಸಿ 1,20,000 ರೂಪಾಯಿ ಹೇಳಿದರು. ಅವರಲ್ಲಿ ಮೋಸವೇನೂ ಇರಲಿಲ್ಲ. ಬೆಳ್ಳಿಯ ವ್ಯಾಪಾರಿಗೆ ಬೆಳ್ಳಿಯಷ್ಟೇ ಕಾಣಬೇಕು. ಅದೇ ಅವರ ಧರ್ಮ.

ಎರಡನೆಯವರು ನಾಣ್ಯಗಳ ವ್ಯಾಪಾರಿ. ಅವರ ಕಣ್ಣು ಬಲು ಚುರುಕು. ಭೂತಗನ್ನಡಿ ಹಿಡಿದು ಅರ್ಧ ಗಂಟೆಯಲ್ಲಿ ಉತ್ತಮವಾದ ನಲವತ್ತನ್ನು ಆರಿಸಿ 1,60,000 ರೂಪಾಯಿ ಕೊಡುವೆನೆಂದರು. ಉಳಿದವು ನನಗೇ ಇರಲಿ ಎಂದರು. ಲೆಕ್ಕದಲ್ಲಿ ಲಾಭವಿತ್ತು. ಆದರೆ ಆ ನಲವತ್ತನ್ನು ತೆಗೆದ ಮೇಲೆ ಉಳಿದದ್ದು ಸಂಗ್ರಹವಾಗಿ ಉಳಿಯುತ್ತಿರಲಿಲ್ಲ. ಹತ್ತು ಸಾಧಾರಣ ನಾಣ್ಯಗಳ ಸಾಲಿನಲ್ಲಿ ಹನ್ನೊಂದನೆಯದು ಏಕೆ ಅಪೂರ್ವವೆಂಬುದನ್ನು ಆ ಹತ್ತೇ ಹೇಳಬೇಕಲ್ಲವೆ?

ಮೂರನೆಯವರು ಬೆಂಗಳೂರಿನ ಒಬ್ಬ ನಿವೃತ್ತರು. ಹೈದರಾಬಾದು ಸಂಸ್ಥಾನದ ನಾಣ್ಯಗಳನ್ನೇ ಕೂಡಿಸುವವರು. ನಾಣ್ಯಗಳ ಒಂದು ಪ್ರದರ್ಶನದಲ್ಲಿ ಅವರ ಪರಿಚಯವಾಯಿತು. ಅವರು ಡಬ್ಬಿಯನ್ನು ತೆರೆಯುವ ಮೊದಲು ವಹಿಯನ್ನು ಕೇಳಿದರು. ಒಂದು ಸಂಜೆಯೆಲ್ಲ ಓದಿದರು. “ನೋಡಿ ಸ್ವಾಮಿ, ನಾಣ್ಯಗಳು ಬೇರೆ ಕಡೆಯೂ ಸಿಕ್ಕಾವು. ಮೆಣಸಿನಕಾಯಿಗೆ ಕೊಟ್ಟ ರೂಪಾಯಿ ಯಾವುದು ಎಂದು ಎಲ್ಲಿ ಸಿಗುತ್ತದೆ? ವಹಿ ಕೊಡುವುದಾದರೆ ಎಲ್ಲವನ್ನೂ ಕೊಳ್ಳುತ್ತೇನೆ” ಎಂದರು. ಅವರು ಹೇಳಿದ ಬೆಲೆ 3,10,000 ರೂಪಾಯಿ.

ಒಂದೇ ವಸ್ತುವಿಗೆ ಮೂರು ಬೆಲೆ. ತೂಗಿದವನದೊಂದು, ಆರಿಸಿದವನದೊಂದು, ಓದಿದವನದೊಂದು. ಅಜ್ಜನವರ ಏಳಕ್ಕೆ ಆರರ ಲೆಕ್ಕಕ್ಕಿಂತ ಇದು ಕಠಿಣವಾದ ಲೆಕ್ಕವೇನಲ್ಲ. ಆದರೆ ಹಾಳೆಯ ಮೇಲಿನ ನಾಲ್ಕು ಸಾಲು ಬೆಳ್ಳಿಗಿಂತ ಭಾರವಾಗಬಲ್ಲುದೆಂದು ನನಗೆ ತಿಳಿದದ್ದು ಅಂದೇ. ಹಳೆಯ ವಸ್ತುಗಳಿರುವ ಪ್ರತಿಯೊಂದು ಮನೆಯವರಿಗೂ ನನ್ನ ವಿನಂತಿ ಇಷ್ಟೆ: ವಸ್ತುವಿನ ಜೊತೆಗೆ ಅದರ ಸಂಗತಿಯನ್ನೂ ಬರೆದಿಡಿ.

ವಹಿಯನ್ನು ಕೊಡುವುದು ನಾಣ್ಯಗಳನ್ನು ಕೊಡುವುದಕ್ಕಿಂತ ಕಷ್ಟವಾಯಿತು. ಆಗ ಮಗಳು ಮುಂದೆ ಬಂದಳು. ಮೊಬೈಲಿನಲ್ಲಿ ಪುಟಗಳ ಚಿತ್ರ ತೆಗೆದರೆ ಹತ್ತು ನಿಮಿಷದ ಕೆಲಸ. ಅದನ್ನೂ ಮಾಡಿದಳು. ಆದರೆ ಅಷ್ಟಕ್ಕೆ ಬಿಡದೆ, ಕಾಲೇಜಿಗೆ ಹೊರಡುವ ಮೊದಲಿನ ಹನ್ನೆರಡು ದಿನ ಕುಳಿತು ಹೊಸದೊಂದು ವಹಿಯಲ್ಲಿ ಎಲ್ಲವನ್ನೂ ಕೈಯಿಂದ ನಕಲು ಮಾಡಿದಳು. ನಕಲು ಮಾಡುವಾಗ ಒಂದೊಂದು ನಾಣ್ಯವನ್ನೂ ಎತ್ತಿ ನೋಡಿದಳು. “ಅಪ್ಪಾ, ಇದು ಮೀಮ್ ಹೌದಲ್ರಿ? ಇದರಾಗ ಐನ್ ಅರ್ಧಾ ಅದ” ಎಂದು ತಾನಾಗಿಯೇ ಗುರುತಿಸಿದ ದಿನ ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಅದಕ್ಕೆ ಮೊದಲು ಎಷ್ಟೋ ಸಲ ಕರೆದಿದ್ದೆ; ಓದು, ಪರೀಕ್ಷೆ ಎಂದು ಅವಳಿಗೆ ಬಿಡುವಾಗಿರಲಿಲ್ಲ. ಸಂಗ್ರಹ ಮನೆಯಲ್ಲಿದ್ದಾಗ ಕಲಿಯದಿದ್ದುದನ್ನು ಅದು ಮನೆ ಬಿಡುವ ಹನ್ನೆರಡು ದಿನಗಳಲ್ಲಿ ಕಲಿತಳು. ತೀರ್ಥರೂಪರು ನನಗೆ ಬಿಟ್ಟುಹೋದದ್ದು ಚೀಲವನ್ನೋ, ಓದುವ ಕಣ್ಣನ್ನೋ? ಚೀಲವನ್ನು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಕಣ್ಣಿಗೆ ಆ ಕೊರತೆಯಿಲ್ಲ.

ಅರ್ಧ ಐನ್ ರೂಪಾಯಿಯನ್ನು ಇಟ್ಟುಕೊಳ್ಳೋಣವೆಂದು ಒಮ್ಮೆ ಮನಸ್ಸು ಎಳೆಯಿತು. ಕೊಳ್ಳುವವರೂ ಒಪ್ಪುತ್ತಿದ್ದರೇನೋ. ಮಗಳೇ ಬೇಡವೆಂದಳು. “ಒಂದು ತಗೊಂಡ್ರ ವಹಿ ಸುಳ್ಳಾಗ್ತದ” ಎಂಬುದು ಅವಳ ಮಾತು. ಅಂಗಡಿಕಾರನ ಮೊಮ್ಮಗಳು!

ಹಾಗಾದರೆ ನಮ್ಮಲ್ಲಿ ಏನೂ ಉಳಿಯಲಿಲ್ಲವೆಂದು ತಿಳಿಯಬೇಡಿ. ಹನ್ನೊಂದು ರೂಪಾಯಿಗಳು ಉಳಿದವು. ಅವು 412ರ ಲೆಕ್ಕಕ್ಕೂ ವಹಿಗೂ ಸೇರದವು; ತೀರ್ಥರೂಪರು ಮೊದಲಿನಿಂದಲೂ ಬೇರೆಯೇ ಇಟ್ಟಿದ್ದರು. ಅವುಗಳಲ್ಲಿ ನಾಲ್ಕಕ್ಕೆ ಸರಕ್ಕೆ ಪೋಣಿಸಲೆಂದು ಹಿಂದೆ ಯಾರೋ ಕೊಂಡಿ ಬೆಸೆದಿದ್ದರು. ಉಳಿದ ಏಳನ್ನು ನಮ್ಮ ತಾಯಿಯವರು ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಯ ಮುನ್ನಾದಿನ ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವಂತೆ ತಿಕ್ಕುತ್ತಿದ್ದರು. ನಾಣ್ಯಕ್ಕೆ ಕಾಲವು ಕಟ್ಟಿದ ಕಪ್ಪುಬಣ್ಣವೇ ಶೋಭೆ; ತಿಕ್ಕಿದರೆ ಸಂಗ್ರಾಹಕನ ದೃಷ್ಟಿಯಲ್ಲಿ ಬೆಲೆ ಹೋಯಿತು. ಬೆಂಗಳೂರಿನ ಮಹನೀಯರು ಅವನ್ನು ನೋಡಿ ನಯವಾಗಿ ಹಿಂದಕ್ಕೆ ಸರಿಸಿದರು. ನನ್ನ ಮಡದಿ ಕೂಡಲೇ ಕೈಚಾಚಿ, “ಹಂಗಾದ್ರ ಇವು ನಮ್ಮವು” ಎಂದು ಸೆರಗಿನಲ್ಲಿ ಕಟ್ಟಿಕೊಂಡಳು. ಪೇಟೆಯ ಬೆಲೆ ಹೋದ ಹನ್ನೊಂದು ನಾಣ್ಯಗಳು ಪೂಜೆಗೆ ಎಂದಿನಂತೆ ಬರುತ್ತಿವೆ. ಹುಣಸೆಹಣ್ಣಿನ ಸೇವೆಯೂ ನಿಂತಿಲ್ಲ.

ಆ ಹಣದಿಂದ ಮೊದಲ ವರ್ಷದ ಎಲ್ಲ ಖರ್ಚೂ, ಎರಡನೆಯ ವರ್ಷದ ಹೆಚ್ಚಿನ ಪಾಲೂ ಸಂದಿತು. ಮುಂದಿನದನ್ನು ಅಂಗಡಿ, ಹೊಲ, ಸ್ವಲ್ಪ ವಿದ್ಯಾರ್ಥಿವೇತನ ಸೇರಿ ಹೇಗೋ ನಡೆಸುತ್ತೇವೆ.

ಒಂದು ಸಂಗತಿ ನನಗೆ ತರುವಾಯ ಹೊಳೆಯಿತು. ನಿಜಾಮ ಸರಕಾರವು ಕಾಗದದ ನೋಟುಗಳ ಕಾಯಿದೆಯನ್ನು ತಂದದ್ದು 1918ರಲ್ಲಿ; ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದುದೂ ಅದೇ 1918ರಲ್ಲಿ. ಎರಡಕ್ಕೂ ಒಬ್ಬನೇ ಅರಸನ ಹೆಸರು. ನೋಟು ನಾಲ್ಕು ದಶಕ ನಡೆದು ನಿಂತುಹೋಯಿತು. ವಿಶ್ವವಿದ್ಯಾಲಯ ಶತಮಾನ ದಾಟಿ ಇಂದಿಗೂ ನಡೆಯುತ್ತಿದೆ. ಅರಸನು ಹೊರಡಿಸಿದ ಈ ಎರಡು ಬಗೆಯ ಸಂಪತ್ತಿನಲ್ಲಿ ‘ಹಾಲಿ’ ಎಂಬ ಹೆಸರಿಗೆ ನಿಜವಾಗಿ ತಕ್ಕದ್ದು ಯಾವುದೆಂದು ವಾಚಕರೇ ತೀರ್ಮಾನಿಸಬಹುದು.

ರೊಕ್ಕವೆಂಬುದು ಕೈಯಿಂದ ಕೈಗೆ ಹೋಗಲೆಂದು ಹುಟ್ಟಿದ್ದು. ಅಜ್ಜನವರ ಗಲ್ಲೆಯ ತಳದಲ್ಲಿ, ನಮ್ಮ ಮನೆಯ ಡಬ್ಬಿಯಲ್ಲಿ ಅದು ಮುಕ್ಕಾಲು ಶತಮಾನ ಸುಮ್ಮನೆ ಕುಳಿತಿತ್ತು. ಮೆಣಸಿನಕಾಯಿ ಕೊಂಡ ರೂಪಾಯಿ, ನೆಲಗಡಲೆಯ ಬಾಕಿ ತೀರಿಸಿದ ರೂಪಾಯಿ, ಎಷ್ಟೋ ಕಾಲದ ಮೇಲೆ ಮತ್ತೊಂದು ಸಲ ತನ್ನ ಕೆಲಸವನ್ನು ಮಾಡಿತು. ಒಬ್ಬ ಹುಡುಗಿಯ ಓದನ್ನು ಕೊಂಡುಕೊಟ್ಟಿತು. ಹಾಲಿ ಸಿಕ್ಕಾ ತನ್ನ ಹೆಸರನ್ನು ನಿಜಮಾಡಿತು.